ಅಂಗಿಯ ಒಳಮೈ

ಏಪ್ರಿಲ್ ೯

ಪ್ರೀತಿಯ ಗುಬ್ಬಿ ಅಕ್ಕನಿಗೆ,

ಎಲ್ಲಿ ಮಾಯವಾದಿರಿ? ಚಳಿಗಾಲದಲ್ಲಿ ಕಳಿಸಿದ ಸೂಜಿಚೀಲ ತಲುಪಿತೋ ಇಲ್ಲವೋ ಎಂದೂ ಬರೆದಿಲ್ಲ. ನಮ್ಮ ಹೊಲಿಗೆ ಬಳಗದ ಕಟ್ಟುನಿಟ್ಟು ನಿಮಗೆ ಗೊತ್ತಿಲ್ಲದ್ದಲ್ಲ. ಬಂದ ವಸ್ತುವಿಗೆ ಪ್ರತಿಯಾಗಿ ಒಂದು ವಸ್ತು ಹೋಗಬೇಕು, ಅದೂ ಕೈಯಲ್ಲೇ ಹೊಲಿದದ್ದು. ಲೆಕ್ಕದ ಪ್ರಕಾರ ನಿಮ್ಮಿಂದ ನನಗೊಂದು ಬಟ್ಟೆಯ ಗುಬ್ಬಿ ಬರಬೇಕು. ಗುಬ್ಬಿ ಬರದಿದ್ದರೂ ಪರವಾಗಿಲ್ಲ, ನಾಲ್ಕು ಸಾಲು ಬರಲಿ.

ಈ ಸಲ ಬಿಸಿ ಪಾತ್ರೆ ಇಳಿಸುವುದಕ್ಕೆ ಎರಡು ದಪ್ಪ ಹಿಡಿಬಟ್ಟೆ ಹೊಲಿದು ಕಳಿಸಿದ್ದೇನೆ. ಕಟ್ಟು ಬಿಚ್ಚಿದ ಕೂಡಲೇ ನೀವು ಮಾಡುವ ಮೊದಲ ಕೆಲಸ ಯಾವುದೆಂದು ಗೊತ್ತು. ಮಗುಚಿ ಒಳಮೈ ನೋಡುತ್ತೀರಿ. ಬಳಗದವರೆಲ್ಲ ಹಾಗೇ ತಾನೇ, ಹೊರಗಿನ ಚಂದ ಯಾರಿಗೆ ಬೇಕು! ನೋಡಿಕೊಳ್ಳಿ, ಎಲ್ಲೂ ಗಂಟು ಬಿಟ್ಟಿಲ್ಲ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ಹೆಸರು, ಕಸುಬು ಹೇಳಬಾರದೆಂದು ಬಳಗದ ನಿಯಮವಿದೆ, ಸಂಕಟ ಹೇಳಬಾರದೆಂದೇನೂ ಇಲ್ಲವಲ್ಲ. ನಾನು ಹೇಳುತ್ತಿದ್ದೆನಲ್ಲ, ತಿಂಗಳಿಗೆ ಎರಡು ಸಲ ಬರುವ 'ಅವರು' ಎಂದು, ಅವರು ಬಂದು ಬಹಳ ದಿನವಾಯಿತು. ಈ ಬೇಸಿಗೆಯಲ್ಲಿ ಮದುವೆ ನೋಂದಾಯಿಸೋಣ ಎಂದಿದ್ದರು. ಬೇಸಿಗೆ ಬಂದು ಕೂತಿದೆ, ಅವರ ಸುಳಿವಿಲ್ಲ. ಊರೂರು ಸುತ್ತುವವರು, ಫೋನು ಇಲ್ಲ, ಗೊತ್ತಾದ ವಿಳಾಸವೂ ಇಲ್ಲ. ಹೋದ ವರ್ಷ ನೀವೇ ಅಲ್ಲವೇ, 'ಒಳ್ಳೆಯವನು ಸಿಕ್ಕಿದ್ದಾನೆ, ಮೀನಮೇಷ ಎಣಿಸಬೇಡ, ಗಟ್ಟಿಯಾಗಿ ಹಿಡಿದುಕೋ' ಎಂದು ಬುದ್ಧಿ ಹೇಳಿದವರು? ಗಟ್ಟಿಯಾಗಿಯೇ ಹಿಡಿದುಕೊಂಡೆ. ಈಗ ಕೈಯಲ್ಲಿ ಏನೂ ಇಲ್ಲ. ಏನು ಮಾಡಲಿ, ಹೇಳಿ.

ನಿಮ್ಮ ಉತ್ತರಕ್ಕೆ ಬಾಗಿಲಲ್ಲೇ ನಿಂತಿರುವ,
ಗುಂಡುಸೂಜಿ


ಮೇ ೨

ಗುಂಡುಸೂಜಿಗೆ,

ನಿನ್ನ ಕಾಗದ ಬಂತು, ಹಿಡಿಬಟ್ಟೆಗಳೂ ಬಂದವು. ಮಗುಚಿ ನೋಡಿದೆ. ನಿನ್ನ ಕೈಗೆ ದೃಷ್ಟಿ ತಾಗದಿರಲಿ.

ನನ್ನ ಗಂಡ ತೀರಿಕೊಂಡರು. ಜನವರಿ ಕೊನೆಯಲ್ಲಿ. ಸುತ್ತಿ ಬಳಸಿ ಹೇಳುವ ಶಕ್ತಿ ನನಗಿಲ್ಲ, ಅದಕ್ಕೇ ನೇರವಾಗಿ ಬರೆದೆ. ನನ್ನ ಕಸುಬು ಹೇಳುವಂತಿಲ್ಲ, ಅವರು ಬಳಗದವರಲ್ಲವಾದ್ದರಿಂದ ಅವರದನ್ನು ಹೇಳಬಹುದು. ಗೋದಾಮು, ಮಂಡಿ, ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುತ್ತಿದ್ದರು. ತಿಂಗಳಲ್ಲಿ ಅರ್ಧ ದಿನ ಬಸ್ಸಿನಲ್ಲೇ. ಆ ತಿರುಗಾಟದಲ್ಲೇ ಹೋದರು.

ಅವರ ಆರು ಅಂಗಿ ಕಳಿಸುತ್ತಿದ್ದೇನೆ. ಕತ್ತರಿಸಿ ಒಂದು ಕೌದಿ ಮಾಡಿಕೊಡು. ನಾನೇ ಮಾಡೋಣವೆಂದು ಕೂತಿದ್ದೆ. ಒಂದರ ತೋಳು ಬಿಚ್ಚುವಷ್ಟರಲ್ಲಿ ಸಾಕಾಯಿತು, ಕತ್ತರಿ ಕೆಳಗಿಟ್ಟೆ. ಈ ಕೆಲಸ ನಿನ್ನದೇ ಎನಿಸಿತು.

ತೋಳಿನ ತುದಿಗಳನ್ನು ನೋಡು. ತಕ್ಕಡಿಯ ಕೊಕ್ಕೆಗೆ ಸಿಕ್ಕಿ ಸದಾ ಹರಿಯುತ್ತಿದ್ದವು. ಊರಿಗೆಲ್ಲ ಗುಬ್ಬಿ ಹೊಲಿದು ಹಂಚುವ ನಾನು ಗಂಡನ ಅಂಗಿ ಹರಿದರೆ "ಬಿಸಾಕ್ರಿ ಅತ್ಲಾಗೆ, ಹೊಸದು ತಗೊಳ್ಳಿ" ಎನ್ನುತ್ತಿದ್ದೆ. ಅವರು ಬಿಸಾಡುತ್ತಿರಲಿಲ್ಲ. ನಿಮ್ಮೂರಿನ ಬಸ್ ನಿಲ್ದಾಣದ ಹತ್ತಿರ ಒಬ್ಬ ಮುದುಕನಿದ್ದಾನಂತೆ, ಹರಿದ ಜಾಗಕ್ಕೆ ನೂಲಿಗೆ ನೂಲು ಹೆಣೆದು ರಫು ಮಾಡಿ ಕೊಡುತ್ತಾನಂತೆ. "ಬಾಯಲ್ಲಿ ಒಂದು ಹಲ್ಲಿಲ್ಲ, ಕಿವಿ ಕೇಳ್ಸಲ್ಲ, ಆದ್ರೆ ಕೈ ನೋಡ್ಬೇಕು ನೀನು, ಬಂಗಾರ!" ಎಂದು ಬಂದಾಗಲೆಲ್ಲ ಹೊಗಳುತ್ತಿದ್ದರು. ಮುದುಕನ ಮೇಲೆ ನನಗೆ ಹೊಟ್ಟೆಕಿಚ್ಚು ಬರುವಷ್ಟು ಹೊಗಳಿಕೆ.

ಎರಡು ಕೆಲಸ ಮಾಡು. ರಫು ಮಾಡಿದ ತುಂಡುಗಳು ಕೌದಿಯ ಮೇಲ್ಗಡೆಯೇ ಕಾಣಬೇಕು. ಇನ್ನೊಂದು, ಆ ಮುದುಕನನ್ನು ಹುಡುಕಿ ವಿಷಯ ತಿಳಿಸು. ಪಾಪ, ಗೊತ್ತಿಲ್ಲದೆ ಇವರಿಗಾಗಿ ಕಾಯುತ್ತಿರಬಹುದು. ಕಪಾಟಿನಲ್ಲಿ ಎರಡು ಅಂಗಿ ಕಡಿಮೆ ಇವೆ, ಒಂದು ನೀಲಿ ಚೌಕಳಿಯದು, ಒಂದು ಬೂದಿ ಬಣ್ಣದ್ದು. ಅವನ ಹತ್ತಿರವೇ ಉಳಿದಿರಬೇಕು. ಇಸಿದುಕೊಂಡು ಕಳಿಸು.

ನಿನ್ನ ಅತಿಥಿ ಬಂದರಾ?

ಗುಬ್ಬಿ ಹೊಲಿಯುವುದನ್ನು ಸದ್ಯಕ್ಕೆ ಬಿಟ್ಟಿರುವ,
ಗುಬ್ಬಿ ಅಕ್ಕ


ಮೇ ೬

ಅತ್ತಿಗೆ,

ಫೋನಿನಲ್ಲಿ ಹೇಳೋಣವೆಂದರೆ ಅದು ನಿಮ್ಮ ಹಜಾರದಲ್ಲಿದೆ, ಪಕ್ಕದಲ್ಲಿ ಅಣ್ಣ ಕೂತಿರುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿಬಿಡಿ.

ಅವರು ಸತ್ತುಹೋಗಿದ್ದಾರೆ.

ನೀವು ನೋಡಿದ್ದೀರಲ್ಲ, ತೂಕದ ಯಂತ್ರದವರು, ನಮ್ಮ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರಲ್ಲ, ಅವರೇ. ಜನವರಿಯಲ್ಲೇ ಹೋಗಿದ್ದಾರೆ. ನಾನು ಫೆಬ್ರುವರಿ, ಮಾರ್ಚಿ, ಏಪ್ರಿಲ್ ಎಲ್ಲ ಬಸ್ಸಿನ ಸದ್ದಾದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆ. ಯಾರು ಹೇಳಿದರು ಗೊತ್ತೇ? ಅವರ ಹೆಂಡತಿ. ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದಿದ್ದರಲ್ಲ, ಆ ಹೆಂಡತಿ.

ನಾನು ಸರಿಯಾಗಿ ಬರೆಯುತ್ತಿದ್ದೇನೋ ಇಲ್ಲವೋ ತಿಳಿಯುತ್ತಿಲ್ಲ. ಸತ್ತಿದ್ದಾಳೆ ಎಂದವಳು ಬದುಕಿದ್ದಾಳೆ. ಬರುತ್ತೇನೆ ಎಂದವರು ಸತ್ತಿದ್ದಾರೆ. ಎರಡೂ ಒಂದೇ ಕಾಗದದಲ್ಲಿ ಬಂತು. ಅದನ್ನು ಬರೆದವರು ಬೇರೆ ಯಾರೂ ಅಲ್ಲ, ಎರಡು ವರ್ಷದಿಂದ ನನಗೆ ಬಟ್ಟೆಯ ಗುಬ್ಬಿ ಕಳಿಸುತ್ತಿರುವ ಗುಬ್ಬಿ ಅಕ್ಕ.

ಇದೆಂಥ ಕಾಕತಾಳೀಯ ಎನ್ನುತ್ತೀರಿ. ಅಲ್ಲ ಅತ್ತಿಗೆ. ಅವರ ಅಂಗಿ ರಫು ಮಾಡುವಾಗ ಜೇಬಿನಲ್ಲಿ ಒಂದು ಅಚ್ಚಾದ ಹಾಳೆ ಸಿಕ್ಕಿತ್ತು, ಹೊಲಿಗೆ ಬಳಗದ ಪ್ರಕಟಣೆ. ಕೈಯಲ್ಲಿ ಹೊಲಿದದ್ದನ್ನು ಕೊಟ್ಟು ತೆಗೆದುಕೊಳ್ಳುವ ಬಳಗ ಎಂದಿತ್ತು. ಇದೇನು ಎಂದು ಕೇಳಿದರೆ "ಬಸ್ಸಲ್ಲಿ ಯಾರೋ ಹಂಚ್ತಾ ಇದ್ರು, ಬಿಸಾಕು" ಎಂದರು. ನಾನು ಬಿಸಾಕದೆ ಸೇರಿಕೊಂಡೆ. ಅವರಿಗೆ ಹೇಳಲಿಲ್ಲ, ಮದುವೆಯಾದ ಮೇಲೆ ಗೋಡೆ ತುಂಬ ಗುಬ್ಬಿ ತೂಗುಹಾಕಿ ತೋರಿಸೋಣವೆಂದು. ಆ ಹಾಳೆ ಅವರ ಹೆಂಡತಿಯದೇ ಇರಬೇಕು, ಹತ್ತಿರದ ಊರಿನವರೆಂದು ಬಳಗದವರು ನನಗೆ ಜೋಡಿ ಹಾಕಿದ್ದೂ ಅವರನ್ನೇ. ಅಷ್ಟೇ ನಡೆದದ್ದು.

ಕಾಗದ ಬಂದಾಗ ಕೆಲಸದಲ್ಲಿದ್ದೆ. 'ತೂಕದ ಯಂತ್ರ' ಎಂಬಲ್ಲಿ ಕಣ್ಣು ನಿಂತಿತು. ಲೋಕದಲ್ಲಿ ಆ ಕೆಲಸ ಮಾಡುವವರು ಒಬ್ಬರೇನಾ ಎಂದುಕೊಂಡು ಮುಂದೆ ಓದಿದೆ. ಬಸ್ ನಿಲ್ದಾಣದ ಹತ್ತಿರ ರಫು ಮಾಡುವ ಮುದುಕ ಎಂದಿತ್ತು. ಇಲ್ಲಿ ರಫು ಮಾಡುವವಳು ನಾನೊಬ್ಬಳೇ. ಕಟ್ಟು ಬಿಚ್ಚಿದೆ. ಮೇಲೆಯೇ ಕಂದು ಗೆರೆಯ ಅಂಗಿ. ತೋಳು ಮಗುಚಿದೆ. ನಾನು ಗಂಟು ಹಾಕುವುದಿಲ್ಲ, ನೂಲಿನ ತುದಿಯನ್ನು ಹಿಂದಕ್ಕೆ ತಿರುಗಿಸಿ ನೇಯ್ಗೆಯೊಳಗೆ ಅಡಗಿಸುತ್ತೇನೆ, ನಮ್ಮ ಅಮ್ಮ ಕಲಿಸಿದ್ದು. ನೂಲು ಹಾಗೇ ಹಿಂದಕ್ಕೆ ತಿರುಗಿತ್ತು. ಆರು ಅಂಗಿಯನ್ನೂ ಮಗುಚಿದೆ. ಆರರಲ್ಲೂ ನಾನೇ.

ಮನೆಯಲ್ಲಿ ನನ್ನನ್ನು ಹಲ್ಲಿಲ್ಲದ ಕಿವುಡ ಮುದುಕ ಎಂದು ಹೇಳಿದ್ದರಂತೆ. ನಗಬೇಡಿ ಅತ್ತಿಗೆ, ನಾನು ಕನ್ನಡಿಯ ಮುಂದೆ ನಿಂತು ಹಲ್ಲು ಮುಟ್ಟಿ ನೋಡಿಕೊಂಡೆ. ಲಾಂಡ್ರಿ ಮಾಲೀಕರು "ಯಾಕಮ್ಮ, ಹಲ್ಲು ನೋವಾ?" ಎಂದರು. ಹೌದು ಎಂದು ಹೇಳಿ ಮನೆಗೆ ಬಂದೆ. ಅಳು ಬರುತ್ತಿಲ್ಲ.

ಈ ಅಂಗಿಗಳಿಂದ ಕೌದಿ ಮಾಡಿಕೊಡು, ಆ ಮುದುಕನನ್ನು ಹುಡುಕಿ ಅವನ ಹತ್ತಿರ ಉಳಿದ ಎರಡು ಅಂಗಿ ಇಸಿದುಕೊಂಡು ಕಳಿಸು ಎಂದು ಬರೆದಿದ್ದಾರೆ. ನಾನೀಗ ಏನು ಮಾಡಲಿ? ಆ ಅಕ್ಕನಿಗೆ ಹೇಳಿಬಿಡಲಾ? ನನಗೆ ಅಂತ ಕಾಗದ ಬರೆಯುವವರು ಈ ಲೋಕದಲ್ಲಿ ನೀವು ಬಿಟ್ಟರೆ ಅವರೊಬ್ಬರೇ. ಹೇಳಿದರೆ ಅವರನ್ನು ಕಳೆದುಕೊಳ್ಳುತ್ತೇನೆ. ಹೇಳದಿದ್ದರೆ ಅವರ ಗಂಡನ ಅಂಗಿಗಳನ್ನು ಯಾವ ಮುಖ ಇಟ್ಟುಕೊಂಡು ಹೊಲಿಯಲಿ?

ನಿಮ್ಮ ನಾದಿನಿ


ಮೇ ೧೦

ಲೇ ಹುಚ್ಚಿ,

ಕಾಗದ ಓದುತ್ತಾ ನಿಂತುಬಿಟ್ಟೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು, ನಿಮ್ಮಣ್ಣ "ಏನಾಯ್ತೇ?" ಎಂದು ಅಡುಗೆಮನೆಗೇ ಬಂದರು. ಬೆಕ್ಕು ಬಂದಿತ್ತು ಎಂದೆ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ.

ಮೊದಲು ಆ ಮನುಷ್ಯನಿಗೆ ಎರಡು ಮಾತು ಬಯ್ಯಬೇಕು ಎನಿಸಿತು, ಸತ್ತವನನ್ನು ಬಯ್ದು ಏನು ಪ್ರಯೋಜನ. ನಮ್ಮನೆ ಊಟ ಮಾಡಿ "ಅತ್ತಿಗೆ, ನಿಮ್ಮ ಕೈರುಚಿ ನೋಡಿದ್ರೆ ನನ್ನ ಹೆಂಡ್ತಿ ನೆನಪಾಗ್ತಾಳೆ" ಎಂದು ಕಣ್ಣು ಒದ್ದೆ ಮಾಡಿಕೊಂಡನಲ್ಲ! ನಾನು ಪೆದ್ದಿ, ಅಯ್ಯೋ ಪಾಪ ಎಂದು ಇನ್ನೊಂದು ಸೌಟು ಬಡಿಸಿದೆ.

ನನ್ನ ಮಾತು ಕೇಳು. ಬಾಯಿಗೆ ಹೊಲಿಗೆ ಹಾಕಿಕೋ. ಆ ಹೆಂಗಸಿಗೆ ಗಂಡನೂ ಹೋದ, ಇನ್ನು ಗಂಡನ ಮೇಲಿನ ನಂಬಿಕೆಯನ್ನೂ ಕಿತ್ತುಕೊಳ್ಳುತ್ತೀಯಾ? ನಿನ್ನ ಎದೆ ಹಗುರಾಗಲೆಂದು ಅವಳ ತಲೆಯ ಮೇಲೆ ಬಂಡೆ ಇಡಬೇಡ. ಆ ಮುದುಕನನ್ನು ಸಾಯಿಸಿಬಿಡು. ಹುಡುಕಿದೆ, ಅವನೂ ಹೋದನಂತೆ, ಅಂಗಿ ಸಿಗಲಿಲ್ಲ ಎಂದು ಬರೆ. ಕೌದಿ ಬೇಗ ಹೊಲಿದು ಕಳಿಸಿ ಕೈ ತೊಳೆದುಕೋ. ಆಮೇಲೆ ಆ ಬಳಗವನ್ನೇ ಬಿಟ್ಟುಬಿಡು. ಊಟ ಬಿಟ್ಟು ಕೂತಿದ್ದೀಯ ಎಂದು ಗೊತ್ತಾದರೆ ನಾನೇ ಬಸ್ಸು ಹತ್ತಿ ಬರುತ್ತೇನೆ, ಆಗ ಬೆನ್ನು ಉಳಿಯುವುದಿಲ್ಲ.

ನಿನ್ನ ಬಗ್ಗೆಯೇ ಹಗಲೆಲ್ಲ ಯೋಚಿಸುತ್ತಿರುವ,
ಅತ್ತಿಗೆ


ಮೇ ೧೯

ಗುಬ್ಬಿ ಅಕ್ಕನಿಗೆ,

ನಿಮ್ಮ ಕಾಗದ ಓದಿ ದಿಕ್ಕು ತೋಚಲಿಲ್ಲ. ಅದಕ್ಕೇ ಉತ್ತರ ತಡವಾಯಿತು. ಸಮಾಧಾನದ ಮಾತು ಬರೆಯಲು ಬಾರದ ಹೆಡ್ಡಿ ನಾನು, ಕ್ಷಮಿಸಿ.

ಅಂಗಿಗಳು ಬಂದಿವೆ. ಕೌದಿ ಮಾಡಿಕೊಡುತ್ತೇನೆ. ನೀವು ಹೇಳಿದಂತೆ ರಫು ಮಾಡಿದ ತುಂಡುಗಳನ್ನು ಮೇಲೆಯೇ ಇಡುತ್ತೇನೆ.

ಮುದುಕ ಸಿಕ್ಕಿದ. ವಿಷಯ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಯಾವತ್ತು ಹೋದರು ಎಂದು ಕೇಳಿದ. ತುಂಬ ನೋವಾಯಿತಾ ಎಂದು ಕೇಳಿದ. ಹತ್ತಿರ ಯಾರಿದ್ದರು ಎಂದೂ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ನಿಮಗೆ ಹೇಳಲು ಕಷ್ಟವಾಗದಿದ್ದರೆ ಬರೆಯಿರಿ, ತಿಳಿಸುತ್ತೇನೆ. ಕಷ್ಟವಾದರೆ ಬೇಡ.

ಎರಡು ಅಂಗಿ ಅವನ ಹತ್ತಿರ ಇವೆಯಂತೆ. ಕೊಡುತ್ತೇನೆ ಎಂದಿದ್ದಾನೆ.

ನನ್ನ ಅತಿಥಿ ಇನ್ನು ಬರುವುದಿಲ್ಲ. ಆ ಮಾತು ಬಿಡಿ.

ನಿಮ್ಮ ದುಃಖದ ಮುಂದೆ ತಲೆ ಎತ್ತಲಾರದ,
ಗುಂಡುಸೂಜಿ


ಜೂನ್ ೩

ಗುಂಡುಸೂಜಿಗೆ,

ಕಿವಿ ಕೇಳದವನಿಗೆ ಹೇಗೆ ತಿಳಿಸಿದೆ? ಬಸ್ ನಿಲ್ದಾಣದಲ್ಲಿ ನಿಂತು ಕಿರುಚಿದೆಯಾ? ಇರಲಿ. ಕೇಳಿದ್ದಾನಲ್ಲ, ಹೇಳುತ್ತೇನೆ. ಹೀಗೆ ಕೇಳಿದವರು ಯಾರೂ ಇರಲಿಲ್ಲ. ಬಂದವರೆಲ್ಲ ಮುಂದೇನು ಎಂದು ಕೇಳಿದರು, ಅವನೊಬ್ಬನೇ ಹಿಂದಿನದನ್ನು ಕೇಳಿದ.

ಜನವರಿ ಇಪ್ಪತ್ತೆಂಟು, ಬೆಳಗ್ಗೆ. ಒಂದು ಗೋದಾಮಿನ ಮೆಟ್ಟಿಲು ಹತ್ತುತ್ತಿದ್ದರಂತೆ, ಕೈಯಲ್ಲಿ ಕಬ್ಬಿಣದ ತೂಕದ ಕಲ್ಲು. ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಕೂತರಂತೆ. ಬೀಳಲಿಲ್ಲ, ಕೂತರು. ಮೂಟೆ ಹೊರುವವನೊಬ್ಬ ಓಡಿ ಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡನಂತೆ. ನೀರು ಕೇಳಿದರಂತೆ, ತರುವಷ್ಟರಲ್ಲಿ ಹೋಗಿದ್ದರಂತೆ. ನೋವು ಹೆಚ್ಚಿರಲಿಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರುಗಳು ಹಾಗೇ ಹೇಳುತ್ತಾರೆ, ನಾನು ನಂಬಿದೆ, ಮುದುಕನೂ ನಂಬಲಿ. ಹತ್ತಿರ ನಾನಿರಲಿಲ್ಲ. ಯಾರದೋ ಮನೆಯ ಮಗುವಿಗೆ ಗುಬ್ಬಿ ಹೊಲಿಯುತ್ತಾ ಕೂತಿದ್ದೆ.

ಇಷ್ಟನ್ನೂ ಅವನಿಗೆ ಓದಿ ಹೇಳು. ಅಳಬೇಕೆನಿಸಿದರೆ ಅಳಲಿ. ಅಂಗಿಗಳ ಮೇಲೆ ಕಣ್ಣೀರು ಬೀಳದ ಹಾಗೆ ನೋಡಿಕೋ, ಬಣ್ಣ ಬಿಡುವ ಬಟ್ಟೆ.

ಆ ಎರಡು ಅಂಗಿ ನನಗೆ ಬೇಕು. ಮರೆಯಬೇಡ.

ಕೌದಿಯ ದಾರಿ ಕಾಯುತ್ತಿರುವ,
ಗುಬ್ಬಿ ಅಕ್ಕ


ಜುಲೈ ೨೮

ಗುಬ್ಬಿ ಅಕ್ಕನಿಗೆ,

ಕೌದಿ ಕಳಿಸುತ್ತಿದ್ದೇನೆ. ಅದರೊಳಗೆ ಮಡಿಸಿಟ್ಟ ಎರಡು ಅಂಗಿಗಳಿವೆ. ತೊಳೆದಿಲ್ಲ.

ಮುದುಕ ಇಲ್ಲ ಅಕ್ಕ. ಯಾವತ್ತೂ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ರಫು ಮಾಡುವವಳು ನಾನು. ಬಳಗದ ನಿಯಮ ಮುರಿದು ಕಸುಬು ಹೇಳಿಬಿಟ್ಟೆ. ನನ್ನ ಅತಿಥಿ ಎಂದು ನಾನು ಎರಡು ವರ್ಷ ನಿಮಗೆ ಬರೆದದ್ದು ನಿಮ್ಮ ಯಜಮಾನರ ಬಗ್ಗೆ. ಮದುವೆ ನೋಂದಾಯಿಸುತ್ತೇನೆ ಎಂದದ್ದೂ ಅವರೇ. ನೀವು ತೀರಿಕೊಂಡಿದ್ದೀರಿ ಎಂದು ಅವರು ನನಗೆ ಹೇಳಿದ್ದರು. ನಾನು ನಂಬಿದೆ. ನೀವು ಅವರ ಹೆಂಡತಿ ಎಂದು ನನಗೆ ಗೊತ್ತಾದದ್ದು ನಿಮ್ಮ ಮೇ ತಿಂಗಳ ಕಾಗದದಿಂದ. ಅವರು ಹೋದದ್ದು ಗೊತ್ತಾದದ್ದೂ ಅದೇ ಕಾಗದದಿಂದ. ಇದನ್ನು ಮಾತ್ರ ದಯವಿಟ್ಟು ನಂಬಿ, ಉಳಿದದ್ದಕ್ಕೆ ಏನು ಬೇಕಾದರೂ ಅನ್ನಿ.

ಹೇಳಬಾರದೆಂದು ಗಟ್ಟಿ ಮನಸ್ಸು ಮಾಡಿದ್ದೆ. ನನ್ನ ಅತ್ತಿಗೆಯೂ ಬೇಡವೆಂದಳು. ಕೌದಿಗೆ ಹೇಗೂ ಅಡಿಬಟ್ಟೆ ಬರುತ್ತದೆ, ಒಳಮೈ ಮುಚ್ಚಿಹೋಗುತ್ತದೆ, ಯಾರೂ ನೋಡುವುದಿಲ್ಲ. ತುಂಡುಗಳನ್ನು ಜೋಡಿಸಿ, ಅಡಿಬಟ್ಟೆ ಹಾಸಿ, ಹೊಲಿಯಲು ಶುರು ಮಾಡಿದೆ. ಆಗಲಿಲ್ಲ. ನನ್ನ ಕೈಯನ್ನು ನಾನೇ ಬಟ್ಟೆ ಹಾಕಿ ಮುಚ್ಚಿ, ಅದರ ಮೇಲೆ ನೀವು ಮಲಗುವುದು! ಅಡಿಬಟ್ಟೆ ಬಿಚ್ಚಿ ತೆಗೆದೆ. ಇನ್ನೊಂದು ಕಡೆ ತೆರೆದೇ ಇದೆ. ಮಗುಚಿ ನೋಡಿಕೊಳ್ಳಿ. ಬೇಡವೆನಿಸಿದರೆ ಬೆಂಕಿಗೆ ಹಾಕಿ, ನಾನು ಏಕೆ ಎಂದು ಕೇಳುವುದಿಲ್ಲ.

ಇದಕ್ಕೆ ಪ್ರತಿಯಾಗಿ ಏನೂ ಕಳಿಸಬೇಡಿ.

ಏನೆಂದು ಸಹಿ ಮಾಡಬೇಕೋ ತಿಳಿಯದ,
ಗುಂಡುಸೂಜಿ


ಜುಲೈ ೨೯

ಅತ್ತಿಗೆ,

ಬಯ್ಯಿರಿ, ನಿಮ್ಮ ಮಾತು ಮೀರಿದ್ದೇನೆ. ಎಲ್ಲವನ್ನೂ ಬರೆದು ಕೌದಿಯ ಜೊತೆ ಅಂಚೆಗೆ ಹಾಕಿದೆ.

ಹಾಕಿ ಮನೆಯ ತನಕ ಬಂದೆ, ಬೀಗ ತೆಗೆದೆ, ಒಳಗೆ ಹೋಗದೆ ಮತ್ತೆ ಅಂಚೆ ಕಚೇರಿಗೆ ಓಡಿದೆ. "ಆ ಕಟ್ಟು ವಾಪಸ್ ಕೊಡಿ ಅಣ್ಣಾ, ಒಂದು ತಪ್ಪಾಗಿದೆ" ಎಂದು ಗುಮಾಸ್ತರನ್ನು ಬೇಡಿಕೊಂಡೆ. ಅವರ ಹಿಂದೆ ಚೀಲದ ಮೇಲೆಯೇ ಅದು ಕೂತಿತ್ತು, ಕೈ ಚಾಚಿದರೆ ಸಿಗುತ್ತಿತ್ತು. "ಮುದ್ರೆ ಬಿತ್ತಮ್ಮ, ಇನ್ನು ಅದು ನಿಮ್ದಲ್ಲ" ಎಂದರು. ಹಿಂದಿದ್ದವರು ಬೇಗ ಸರಿಯಿರಿ ಎಂದು ಗದರಿದರು, ಸರಿದೆ.

ಆ ಅಕ್ಕನ ತಲೆಯ ಮೇಲೆ ಬಂಡೆ ಇಟ್ಟೆನೋ ಏನೋ, ನನ್ನ ಎದೆಯಂತೂ ಹಗುರಾಗಲಿಲ್ಲ. ಇವತ್ತು ಒಂದು ಕೋಟಿನ ರಫು ಕೆಡಿಸಿದೆ.

ನಿಮ್ಮ ನಾದಿನಿ


ನವೆಂಬರ್ ೧೪

ಗುಂಡುಸೂಜಿಗೆ,

ನಾನು ಇನ್ನು ಬರೆಯುವುದಿಲ್ಲ ಎಂದುಕೊಂಡಿದ್ದೀಯ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನಗೆ ಗೊತ್ತಿತ್ತು. ಮಾರ್ಚಿಯಲ್ಲೇ ಗೊತ್ತಾಗಿತ್ತು. ಕೌದಿ ಮಾಡೋಣವೆಂದು ಕಂದು ಗೆರೆಯ ಅಂಗಿಯ ತೋಳು ಬಿಚ್ಚಿದಾಗ ಒಳಗಡೆ ರಫು ಕಂಡಿತು, ನೂಲಿನ ತುದಿ ಹಿಂದಕ್ಕೆ ತಿರುಗಿತ್ತು. ಗಂಟು ಹಾಕದೆ ಹಾಗೆ ಅಡಗಿಸುವವಳು ಬಳಗದಲ್ಲಿ ನೀನೊಬ್ಬಳೇ. ಎದ್ದು ಹೋಗಿ ನೀನು ಕಳಿಸಿದ ಸೂಜಿಚೀಲ ತಂದೆ, ಮಗುಚಿ ಪಕ್ಕದಲ್ಲಿಟ್ಟೆ. ಆಮೇಲೆ ನೆಲದ ಮೇಲೆ ಕೂತವಳು ಯಾವಾಗ ಎದ್ದೆನೋ ನೆನಪಿಲ್ಲ. ಪರವೂರಿನಿಂದ ಬಂದ ಒಂದು ಚೂರು ಬಟ್ಟೆಯನ್ನೂ ಮಗುಚಿ ನೋಡದೆ ಬಿಡದವಳು ನಾನು. ಮನೆಯೊಳಗೇ ಓಡಾಡುತ್ತಿದ್ದ ಅಂಗಿಯನ್ನು ಒಂದು ದಿನವೂ ಮಗುಚಲಿಲ್ಲ.

ನೀನು ಎಲ್ಲ ತಿಳಿದೇ ಆಟವಾಡುತ್ತಿದ್ದೀಯ ಎಂದುಕೊಂಡೆ. ನನ್ನ ಗಂಡನ ಅಂಗಿಗೆ ರಫು ಹಾಕಿ, ನನಗೆ ಸೂಜಿಚೀಲ ಕಳಿಸಿ, ನನ್ನಿಂದಲೇ 'ಗಟ್ಟಿಯಾಗಿ ಹಿಡಿದುಕೋ' ಎಂದು ಬರೆಸಿಕೊಂಡು ಬೆನ್ನ ಹಿಂದೆ ನಗುತ್ತಿದ್ದೀಯ ಎಂದು ರಕ್ತ ಕುದಿಯಿತು. ಏಪ್ರಿಲ್‌ನಲ್ಲಿ 'ಅವರು ಬರಲಿಲ್ಲ' ಎಂದು ಬರೆದಾಗ ಅದೂ ನಾಟಕವೆಂದುಕೊಂಡೆ. ಅಂಗಿಗಳನ್ನು ಕೌದಿಗೆಂದು ಕಳಿಸಿದ್ದಲ್ಲ, ನಿನ್ನ ಮುಖದ ಮೇಲೆ ಎಸೆದದ್ದು. ಮುದುಕನ ಮಾತು ಮಾತ್ರ ನಾನು ಕಟ್ಟಿದ್ದಲ್ಲ, ಅವರೇ 'ಮುದುಕ ಮುದುಕ' ಎನ್ನುತ್ತಿದ್ದರು. ಹುಡುಕು ಎಂದರೆ ನೀನು ಏನು ಬರೆಯುತ್ತೀಯ, ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತೀಯ ನೋಡೋಣ ಎಂದು ಕಾದಿದ್ದೆ.

ನೀನು ಆ ಮೂರು ಪ್ರಶ್ನೆ ಬರೆದೆ. ಓದಿ ನನ್ನ ಸಿಟ್ಟೆಲ್ಲ ನಿಂತಲ್ಲೇ ನಿಂತಿತು. ಯಾವತ್ತು ಹೋದರು, ನೋವಾಯಿತಾ, ಹತ್ತಿರ ಯಾರಿದ್ದರು. ಯಾವ ರಫು ಮಾಡುವ ಮುದುಕ ಇದನ್ನು ಕೇಳುತ್ತಾನೆ? ಈ ಹುಡುಗಿಗೆ ಅವರು ಹೋದದ್ದೇ ಗೊತ್ತಿರಲಿಲ್ಲ, ನಾನು ಕಟ್ಟಿನಲ್ಲಿ ಸುತ್ತಿ ಕಳಿಸಿದ ಸಾವು ಇದು ಎಂದು ಆಗ ಹೊಳೆಯಿತು. ಅದಕ್ಕೇ ಉತ್ತರ ಬರೆದೆ. ಮುದುಕನಿಗೆಂದು ಬರೆದದ್ದಲ್ಲ ಅದು, ನಿನಗೇ ಬರೆದದ್ದು.

ಹೀಗಾಗಿ ಜುಲೈ ಕಾಗದ ಒಡೆದಾಗ ನನಗೆ ಗೊತ್ತಿಲ್ಲದ್ದು ಏನೂ ಇರಲಾರದು ಎಂದು ಧೈರ್ಯವಾಗಿಯೇ ಓದಲು ಕೂತೆ. ನಿನ್ನ ಕಸುಬು ಗೊತ್ತಿತ್ತು. ಅತಿಥಿ ಯಾರೆಂದು ಗೊತ್ತಿತ್ತು. ನಾನು ಸತ್ತುಹೋಗಿದ್ದೇನೆ ಎಂಬುದೊಂದು ಗೊತ್ತಿರಲಿಲ್ಲ.

ನೀನು ಆ ಮಾತನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ನಾನು ಅಲ್ಲೇ ನಿಂತೆ. ನಾಲ್ಕು ತಿಂಗಳಾಯಿತು, ಇನ್ನೂ ಅಲ್ಲೇ ಇದ್ದೇನೆ. ಮರುದಿನ ಹಾಲಿನವನು "ಅಮ್ಮಾ" ಎಂದು ಕೂಗಿದ. ಪಾತ್ರೆ ಹಿಡಿದು ಬಾಗಿಲ ತನಕ ಹೋದವಳು, ಉತ್ತರ ಕೊಡಬೇಕೋ ಬೇಡವೋ ಎಂದು ಒಂದು ಕ್ಷಣ ನಿಂತುಬಿಟ್ಟೆ. ಅವರು ನನ್ನನ್ನು ಬಿಟ್ಟಿದ್ದಾರೆ, ಬೇಡವಾಗಿದ್ದೇನೆ, ಜಗಳಗಂಟಿ ಎಂದೆಲ್ಲ ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಗಂಡಸರು ಹೇಳುತ್ತಾರೆ. ಆದರೆ ನಿಮ್ಮೂರಿನಲ್ಲಿ ನನ್ನನ್ನು ಸಾಯಿಸಿ, ಸಂಜೆಯ ಬಸ್ಸು ಹತ್ತಿ, ಮನೆಗೆ ಬಂದು ನಾನು ಬಡಿಸಿದ್ದನ್ನು ಉಂಡು, "ಇವತ್ತು ಉಪ್ಪು ಸರಿಯಾಗಿದೆ" ಎಂದವರು! ಆಗ ನನ್ನ ಮುಖ ನೋಡಿದ್ದರು. ನನಗೆ ಚೆನ್ನಾಗಿ ನೆನಪಿದೆ, ನೋಡಿದ್ದರು.

ಕೌದಿಯನ್ನು ಬೆಂಕಿಗೆ ಹಾಕಿಲ್ಲ. ಹೊದ್ದುಕೊಂಡೂ ಇಲ್ಲ. ಕುರ್ಚಿಯ ಮೇಲಿದೆ. ಬೂದಿ ಬಣ್ಣದ ಅಂಗಿಯನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ, ಅದರಲ್ಲಿ ಬಟ್ಟೆಗಿಂತ ನಿನ್ನ ನೂಲೇ ಹೆಚ್ಚಿದೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ, ಕ್ಷಮಿಸಲು ನೀನು ಏನು ಮಾಡಿದ್ದೀಯ ಎಂಬುದೇ ನನಗೆ ಇನ್ನೂ ಬಗೆಹರಿದಿಲ್ಲ. ಅವರನ್ನು ಕೇಳೋಣವೆಂದರೆ ಅವರಿಲ್ಲ. ನನ್ನ ಸಾವಿನ ವಿಷಯ ಬಲ್ಲವಳು ಲೋಕದಲ್ಲಿ ಈಗ ನೀನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮುದುಕ ಕೇಳಿದಾಗ ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ಈಗ ನಾನು ಕೇಳುತ್ತೇನೆ, ನೀನೂ ಮುಚ್ಚಿಡಬೇಡ. ನಾನು ಯಾವ ಕಾಯಿಲೆಯಿಂದ ಸತ್ತೆ? ಆಸ್ಪತ್ರೆಯಲ್ಲೋ, ಮನೆಯಲ್ಲೋ? ಕೊನೆಗೆ ಅವರಿಗೆ ಏನಾದರೂ ಹೇಳಿದೆನಾ? ಇದನ್ನೆಲ್ಲ ನಿನಗೆ ಹೇಳುವಾಗ ಅವರು ಅತ್ತರಾ?

ಗುಬ್ಬಿ ಅಕ್ಕ